ಒಣಗುವ ತನಕ ಜಾರುಗಂಟು

ಡಿಸೆಂಬರ್ 17

ಅಜ್ಜಿ,

ಫೋನಿನಲ್ಲಿ ಹೇಳೋಣವೆಂದರೆ ನೀನು ಎರಡು ಮಾತಿಗೇ "ಕೈಯೆಲ್ಲ ನೀಲಿ, ಇಡ್ತೀನಿ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಕಾಲೇಜಿನ ಉತ್ತರ ಬಂತು. ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದವರಿಗೆ ಎಲ್ಲರಿಗಿಂತ ಮೊದಲು ಉತ್ತರ ಕೊಡುತ್ತಾರೆ ಎಂದಿದ್ದೆನಲ್ಲ, ಕೊಟ್ಟರು. ಬಾ ಎಂದಿಲ್ಲ. ಬೇಡ ಎಂದೂ ಇಲ್ಲ. "ನಿಮ್ಮ ಅರ್ಜಿಯ ಮೇಲಿನ ನಿರ್ಧಾರವನ್ನು ಮುಂದೂಡಲಾಗಿದೆ" ಎಂದಿದ್ದಾರೆ. ಮಾರ್ಚ್ ಕೊನೆಗೆ ಉಳಿದವರೆಲ್ಲರ ಜೊತೆ ನನ್ನದನ್ನೂ ಮತ್ತೊಮ್ಮೆ ನೋಡುತ್ತಾರಂತೆ. ಹೇಳುವಂಥ ಹೊಸ ವಿಷಯವೇನಾದರೂ ಇದ್ದರೆ ಫೆಬ್ರವರಿ ಹದಿನೈದರೊಳಗೆ ಬರೆದು ಕಳಿಸಬಹುದಂತೆ.

ಅಮ್ಮ ಆಗಲೇ ಆಸ್ಪತ್ರೆಯ ವಾರ್ಡಿಗೆಲ್ಲ "ನನ್ನ ಮಗಳಿಗೆ ರಸಾಯನಶಾಸ್ತ್ರದ ಸೀಟು ಸಿಕ್ಕಿತು" ಎಂದು ಹೇಳಿಬಿಟ್ಟಿದ್ದಾಳೆ. ನಿನ್ನೆ ಒಬ್ಬ ರೋಗಿ ಡಿಸ್ಚಾರ್ಜ್ ಆಗುವಾಗ ನನಗೆ ಅಂತ ಪೆನ್ನು ಕೊಟ್ಟು ಹೋದರಂತೆ. ಈ ಕಾಗದ ಅದೇ ಪೆನ್ನಿನಲ್ಲಿ ಬರೆದದ್ದು.

ನಾನು ಚೆನ್ನಾಗಿದ್ದೇನೆ. ಅತ್ತಿಲ್ಲ.

ನಿನ್ನ
ಪಿಟೀಲು


ಡಿಸೆಂಬರ್ 23

ಪಿಟೀಲು,

ಕ್ಷೇಮಸಮಾಚಾರ ಆಮೇಲೆ. ಅತ್ತಿಲ್ಲ ಎಂದು ಬರೆದಿದ್ದೀಯ. ಹುಟ್ಟಿದ ದಿನ ನೀನು ಕುಯ್ದ ರಾಗಕ್ಕೇ ಆ ಹೆಸರಿಟ್ಟವಳು ನಾನು. ನನ್ನ ಹತ್ತಿರ ಬೇಡ. ಅತ್ತು ಮುಗಿಸಿದ್ದರೆ ಮುಂದಕ್ಕೆ ಓದು.

ನಿನ್ನ ಕಾಲೇಜಿನವರು ಮಾಡಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಐವತ್ತು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದೂ ಅದನ್ನೇ. ಬಟ್ಟೆ ಹಂಡೆಯಿಂದ ಮೇಲೆ ಬಂದ ತಕ್ಷಣ ಗಿರಾಕಿ ಕತ್ತು ಚಾಚಿ "ಬಣ್ಣ ಕೂತಿದೆಯಾ?" ಎಂದು ಕೇಳುತ್ತಾನೆ. ನಾನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. "ಒಣಗಲಿ, ಆಮೇಲೆ ಬಾ" ಅನ್ನುತ್ತೇನೆ. ಒದ್ದೆ ಬಟ್ಟೆ ಸುಳ್ಳು ಹೇಳುತ್ತದೆ ಕಣೇ. ನೀರಿನಲ್ಲಿ ಎಲ್ಲ ನೀಲಿಯೂ ಗಾಢವೇ. ನೀನಿನ್ನೂ ಒದ್ದೆ, ಅಷ್ಟೇ.

ನಮ್ಮ ಲೆಕ್ಕದ ದಾರ ನಿನಗೆ ನೆನಪಿದೆಯೋ ಇಲ್ಲವೋ. ಪ್ರತಿ ಹಂಡೆಗೂ ಒಂದು ದಾರ. ಬಣ್ಣ ನಿಂತಿತೆಂದರೆ ತುದಿಗೆ ಬಿಗಿಗಂಟು, ಕೆಟ್ಟಿತೆಂದರೆ ತುದಿ ಕತ್ತರಿ, ಗೊತ್ತಿಲ್ಲವೆಂದರೆ ಜಾರುಗಂಟು. ನಿನ್ನ ಹೆಸರಿಗೂ ಒಂದು ದಾರಕ್ಕೆ ಜಾರುಗಂಟು ಹಾಕಿ ಬಾಗಿಲ ಮೊಳೆಗೆ ತೂಗುಹಾಕಿದ್ದೇನೆ. ಅವರು ಹೇಳುವ ತನಕ ನಾನು ಬಿಗಿಯುವುದೂ ಇಲ್ಲ, ಕತ್ತರಿಸುವುದೂ ಇಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಪರದೆ ಅಂಗಡಿಯವನು ಮಾತ್ರ "ಏನಮ್ಮಾ, ನೀಲಿ ಕೇಳಿದ್ರೆ ಕಪ್ಪು ಮಾಡಿದೀರಲ್ಲ" ಎಂದು ಎರಡು ತಾನು ಬಟ್ಟೆ ವಾಪಸ್ಸು ತಂದ. ಅವನ ಕಣ್ಣಿಗೆ ಏನು ಬಡಿದಿದೆಯೋ.

ಪೆನ್ನು ಕೊಟ್ಟವರಿಗೆ ಪೆನ್ನು ಹಿಂದಿರುಗಿಸಬೇಡ. ಮಾರ್ಚ್ ಇನ್ನೂ ಬರಬೇಕಷ್ಟೇ.

ಅಜ್ಜಿ


ಡಿಸೆಂಬರ್ 27

ಪಿಟೀಲು,

ಕಾಗದದ ಒಂದೇ ಮಗ್ಗುಲಲ್ಲಿ ಬರೆದು ಎಸೆಯಬಾರದು, ಎರಡೂ ಕಡೆ ಬಳಸಬೇಕು ಎಂದು ನಿನಗೆ ಕಲಿಸಿದವಳು ನಾನೇ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ನಿನ್ನ ಕಾಗದದಲ್ಲಿ ಒಂದಿಷ್ಟು ಸುಣ್ಣದ ಪುಡಿ ಕಟ್ಟೋಣವೆಂದು ತಿರುಗಿಸಿದರೆ ಹಿಂದೆ ಅಚ್ಚಾದ ಸಾಲುಗಳು. ಹೊಸ ಕಾಗದ ಸಿಗಲಿಲ್ಲವೇ ನಿನಗೆ? ಅರ್ಜಿಯ ಜೊತೆ ಇಟ್ಟ ಪ್ರಬಂಧದ ಹಿಂದೆಯೇ ಬರೆದು ಕಳಿಸಿದ್ದೀಯಲ್ಲ!

ನಾನು ಕಲಿತದ್ದು ಹಳ್ಳಿಶಾಲೆಯ ನಾಲ್ಕು ಕ್ಲಾಸು. ಆದರೂ ಬೆರಳಿಟ್ಟು ಪೂರ್ತಿ ಓದಿದೆ. ಎರಡು ಸಲ.

"ನನ್ನ ಅಜ್ಜಿ ಅಳತೆ ಅರಿಯದವರು. ಬಣ್ಣ ಹಾಕುವುದು ಬರೀ ಅಂದಾಜಿನಿಂದ. ಒಂದು ರಜೆಯಲ್ಲಿ ನಾನು ತಕ್ಕಡಿ, ಥರ್ಮಾಮೀಟರು ತೆಗೆದುಕೊಂಡು ಹೋಗಿ ಮೂರು ಹಂಡೆ ಹೂಡಿದೆ. ಅವರ ಕೆಲಸಕ್ಕೆ ಮೊದಲ ಬಾರಿಗೆ ಲೆಕ್ಕ ಬಂತು. ಮೂರೂ ಹಂಡೆಯ ನೀಲಿ ಒಂದೇ ಸಮ ಬಂತು."

ಆಹಾ. ಆಹಾಹಾ.

ಮಗಳೇ, ಮೊಳೆಗೆ ಮುನ್ನೂರು ದಾರ ನೇತಾಡುತ್ತಿವೆ. ಒಂದೊಂದು ದಾರದಲ್ಲೂ ಎಷ್ಟು ಸೌಟು ನೀಲಿ, ಎಷ್ಟು ಸೌಟು ಸುಣ್ಣ, ಬಟ್ಟೆ ಎಷ್ಟು ಮುಳುಗು, ಎಲ್ಲ ಗಂಟುಗಂಟಾಗಿ ಇದೆ. ನೀನು ಒಂದು ತಿಂಗಳು ಅದರ ಕೆಳಗೇ ಕೂತು ತಲೆ ಬಾಚಿಕೊಂಡೆ. ಇದೇನಜ್ಜಿ ಎಂದು ಒಮ್ಮೆಯೂ ಕೇಳಲಿಲ್ಲ. ಜೇಡರಬಲೆ ಎಂದುಕೊಂಡೆಯೇನೋ. ನಿನ್ನ ಲೆಕ್ಕ ಪುಸ್ತಕದಲ್ಲಿದ್ದರೆ ಲೆಕ್ಕ, ನನ್ನದು ದಾರದಲ್ಲಿದ್ದರೆ ಅಂದಾಜು!

ಹಾಳೆಯನ್ನು ವಾಪಸ್ಸು ಕಳಿಸಿದ್ದೇನೆ. ಅದರ ಮೇಲಿನ ನೀಲಿ ಬೆರಳು ನನ್ನದು. ಅದನ್ನೂ ಬೇಕಾದರೆ ಅಳೆದುಕೊ.

ಅಜ್ಜಿ


ಜನವರಿ 9

ಅಜ್ಜಿ,

ಹತ್ತು ದಿನ ಉತ್ತರ ಬರೆಯಲಾಗಲಿಲ್ಲ. ಬರೆದು ಹರಿದೆ, ಬರೆದು ಹರಿದೆ. ಎರಡೂ ಮಗ್ಗುಲು ಬಳಸಿ ಹರಿದೆ.

ದಾರದ ವಿಷಯದಲ್ಲಿ ತಪ್ಪು ನನ್ನದು. ನೋಡಿದ್ದೆ, ಕೇಳಲಿಲ್ಲ. ಅಂಥ ಕಾಲೇಜಿಗೆ ಬರೆಯುವಾಗ ನಾನು ದೊಡ್ಡವಳಾಗಿ ಕಾಣಬೇಕೆಂದು ನಿನ್ನನ್ನು ಸಣ್ಣವಳಾಗಿ ಮಾಡಿದೆ. ಇಷ್ಟು ಒಪ್ಪಿಕೊಳ್ಳುವುದಕ್ಕೇ ಹತ್ತು ದಿನ ಹಿಡಿಯಿತು. ಕ್ಷಮಿಸು.

ಆದರೆ ಒಂದು ಮಾತು. ಮೂರು ಹಂಡೆಯೂ ಒಂದೇ ಸಮ ಬಂದದ್ದು ನಿಜವಲ್ಲವೇ? ಥರ್ಮಾಮೀಟರಿನ ಅಂಕಿಗಳು ನನ್ನ ನೋಟುಬುಕ್ಕಿನಲ್ಲಿವೆ, ಬಟ್ಟೆಯ ತುಂಡುಗಳಿವೆ. ಅಷ್ಟು ಮಾತ್ರ ನಾನು ಸಂಪಾದಿಸಿದ್ದು, ಅದನ್ನು ಬಿಟ್ಟುಕೊಡಲಾರೆ.

ನಿನ್ನ ದಾರಗಳಲ್ಲಿ ಕೆಲವನ್ನು ಕಳಿಸುತ್ತೀಯಾ? ಜೊತೆಗೆ ನಿನ್ನ ಸೌಟು? ಶಾಲೆಯ ಪ್ರಯೋಗಾಲಯದಲ್ಲಿ ಪುಟ್ಟ ಗಾಜಿನ ಜಾಡಿಗಳಲ್ಲಿ ನಿನ್ನ ಅಳತೆ, ನನ್ನ ಅಳತೆ ಎರಡನ್ನೂ ಹೂಡಿ ನೋಡುತ್ತೇನೆ. ಫೆಬ್ರವರಿ ಹದಿನೈದರೊಳಗೆ ಕಾಲೇಜಿಗೆ ಹೇಳಲು ಆಗ ಒಂದು ಹೊಸ ವಿಷಯ ಸಿಗುತ್ತದೆ. ಸುಮ್ಮನೆ ಕೂತು ಅಂಚೆಪೆಟ್ಟಿಗೆ ನೋಡುವುದು ನನ್ನಿಂದಾಗದು. ನೂಲಿನ ಗಿರಣಿಗಳ ಊರಿನ ಇನ್ನೊಂದು ಕಾಲೇಜಿಗೂ ಅರ್ಜಿ ಹಾಕಿದ್ದೇನೆ. ಅದೇ ಪ್ರಬಂಧ ಇಟ್ಟಿದ್ದೆ, ಈಗ ಅದನ್ನೂ ತಿದ್ದಬೇಕು.

ಪಿಟೀಲು


ಜನವರಿ 18

ಪಿಟೀಲು,

ಪೊಟ್ಟಣ ಕಳಿಸಿದ್ದೇನೆ. ಅಂಚೆಯವಳು ತೂಗಿ ನೋಡಿ, "ಏನಜ್ಜಿ ಇದು, ಮೊಮ್ಮಗಳಿಗೆ ಹಗ್ಗ ಕಳಿಸ್ತಿದೀರಾ?" ಎಂದಳು. "ಇಲ್ಲಮ್ಮಾ, ಪುಸ್ತಕ" ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಿಕೊಳ್ಳಲಿ.

ನಲವತ್ತು ದಾರ ಇವೆ. ವರ್ಷವರ್ಷಕ್ಕೂ ಬೇರೆ ಕಟ್ಟು, ಹಳೆಯವು ಮೇಲೆ, ಹೊಸವು ಕೆಳಗೆ. ತಲೆಯಲ್ಲಿ ಆ ಹಂಡೆಯ ಬಟ್ಟೆಯದೇ ಚೂರು ಹೊಲಿದಿದೆ. ಅದರ ಕೆಳಗೆ ಮೊದಲ ಗುಂಪು ಗಂಟು ನೀಲಿಯ ಸೌಟು, ಎರಡನೆಯದು ಸುಣ್ಣ, ಮೂರನೆಯದು ಬಟ್ಟೆ ಮುಳುಗಿಸಿದ ಲೆಕ್ಕ. ತುದಿಯ ಗಂಟಿನ ಸಂಗತಿ ಆಗಲೇ ಹೇಳಿದ್ದೇನೆ. ಸೌಟಿಗೆ ತಲೆತಟ್ಟಿ ಅಳೆಯಬೇಕು, ಗುಡ್ಡೆ ಹಾಕಬಾರದು.

ಇನ್ನು ನಾನು ಹೇಳಬೇಕಾದ್ದು. ಮೂರು ದಿನದಿಂದ ನಾಲಿಗೆ ತುದಿಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಮಂದಿಯ ತಪ್ಪಾದರೆ ನನ್ನ ನಾಲಿಗೆ ಕತ್ತರಿಯ ಹಾಗೆ ಓಡುತ್ತದೆ, ನನ್ನದಾದರೆ ಮೊಂಡು.

ನಿನ್ನ ಎರಡನೆಯ ಹಂಡೆ ಸತ್ತಿತ್ತು ಮಗಳೇ. ಬಣ್ಣದ ಹಂಡೆಗೆ ಜೀವ ಇರುತ್ತದೆ, ಮೊಸರು ಹೆಪ್ಪಿನ ಹಾಗೆ. ನೀನು ಆ ಗಾಜುಕಡ್ಡಿ ನೋಡಿಕೊಂಡು ಬೆಂಕಿ ಜಾಸ್ತಿ ಮಾಡಿದೆ. ನಾನಾದರೆ ಮೊಣಕೈ ಅದ್ದಿ, ಕೂಸಿಗೆ ಎರೆಯುವ ನೀರಿನಷ್ಟು ಬಿಸಿ ಇದ್ದರೆ ಸಾಕು ಅನ್ನುತ್ತೇನೆ. ಬೆಳಗ್ಗೆ ನೀನು ಏಳುವ ಮೊದಲು ಮುಚ್ಚಳ ತೆಗೆದರೆ ನೊರೆಯಿಲ್ಲ, ವಾಸನೆಯಿಲ್ಲ. ಅರ್ಧ ಚೆಲ್ಲಿ ನನ್ನ ಹಂಡೆಯದನ್ನು ಬೆರೆಸಿ, ಬೆಲ್ಲದ ಕಾಕಂಬಿ ಹಾಕಿ ಎಬ್ಬಿಸಿದೆ. ಮೂರನೆಯದೂ ಸತ್ತಿತ್ತು, ಅದಕ್ಕೂ ಹಾಗೇ ಮಾಡಿದೆ. ನೀನು ಎದ್ದು ಬಂದು ಬಟ್ಟೆ ಅದ್ದಿ, "ಅಜ್ಜಿ, ಬಂತು! ಒಂದೇ ಸಮ ಬಂತು!" ಎಂದು ಕುಣಿದೆ. ಆ ಮುಖ ನೋಡಿ ಹೇಗೆ ಹೇಳಲಿ? ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎಂಬುದು ಕಾಲೇಜಿನ ಅರ್ಜಿಯಲ್ಲಿ ಅಚ್ಚಾಗಿ ನನ್ನ ಕೈಗೇ ಬಂತು.

ನಿನ್ನ ಸುಳ್ಳಿಗೆ ಹಂಡೆ ನನ್ನದು. ಬೈಯುವುದಿದ್ದರೆ ಬೈ. ನಿನಗೆ ಬೈಗುಳ ಕಲಿಸಿದವಳೂ ನಾನೇ, ಕಡಿಮೆ ಬೀಳಲಿಕ್ಕಿಲ್ಲ.

ಅಜ್ಜಿ


ಫೆಬ್ರವರಿ 2

ಅಜ್ಜಿ,

ಬೈಯುವುದಿತ್ತು. ಒಂದು ವಾರ ಮನಸ್ಸಿನಲ್ಲೇ ಬೈದೆ. ಮಗುವಿನ ಆಟಕ್ಕೆ ಸೋತುಕೊಡುವ ಹಾಗೆ ನನಗೆ ಗೆಲುವು ಕೊಟ್ಟೆಯಲ್ಲ, ಅದು ಕೋಪ. ಹಂಡೆ ಸತ್ತದ್ದಕ್ಕಲ್ಲ. ಸತ್ತಿದೆ ಎಂದು ಹೇಳಿದ್ದರೆ ಯಾಕೆ ಸತ್ತಿತು ಎಂದು ಕೇಳುತ್ತಿದ್ದೆ. ಕಲಿಯುತ್ತಿದ್ದೆ. ನಾನು ಅತ್ತರೆ ಏನಾಗುತ್ತಿತ್ತು? ಪಿಟೀಲು ಅಲ್ಲವೇ, ಅಭ್ಯಾಸವಿದೆ.

ಈಗ ಕಲಿತೆ. ಪ್ರಯೋಗಾಲಯದಲ್ಲಿ ಆರು ಜಾಡಿ ಹೂಡಿದೆ. ನನ್ನ ಬಿಸಿಯ ಮೂರೂ ಸತ್ತವು. ನಿನ್ನ ಮೊಣಕೈ ಬಿಸಿಯ ಮೂರೂ ಬದುಕಿವೆ. ನಿನ್ನ ಸೌಟನ್ನು ಇಪ್ಪತ್ತು ಸಲ ತುಂಬಿ ತಲೆತಟ್ಟಿ ತೂಗಿದೆ. ಇಪ್ಪತ್ತು ಸಲವೂ ಹೆಚ್ಚುಕಡಿಮೆ ಒಂದೇ ತೂಕ. ನಮ್ಮ ರಸಾಯನದ ಮೇಷ್ಟ್ರು ದಾರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಊಟದ ಬಿಡುವು ಮರೆತು ಕೂತರು.

ಅಮ್ಮನಿಗೆ ಎಲ್ಲ ಹೇಳಿದೆ. "ನೀನಾಗೇ ಹೋಗಿ 'ನಾನು ಬರೆದದ್ದು ತಪ್ಪು' ಅಂತ ಹೇಳ್ತೀಯಾ? ಅವರೇನು ಹಂಡೆ ಒಳಗೆ ಇಣುಕಿ ನೋಡ್ತಾರಾ? ಮಾರ್ಚ್ ತನಕ ಬಾಯಿ ಮುಚ್ಕೊಂಡಿರು" ಎಂದಳು. ಅಮ್ಮ ಹೇಳುವುದರಲ್ಲೂ ಹುರುಳಿದೆ. ತೂಗುಯ್ಯಾಲೆಯಲ್ಲಿರುವ ಅರ್ಜಿಗೆ ನಾನೇ ಒದ್ದ ಹಾಗಾಗುತ್ತದೆ. ಆದರೂ ಬರೆಯುತ್ತೇನೆ. ಆ ಮೂರು ಹಂಡೆ ಹೊತ್ತುಕೊಂಡು ನಾಲ್ಕು ವರ್ಷ ಅಲ್ಲಿ ಓದಲಾರೆ.

ಇನ್ನೊಂದು. ಇದನ್ನು ಕೂತು ಓದು.

ನಿನ್ನ ದಾರಗಳನ್ನು ಹಳೆಯದರಿಂದ ಹೊಸದಕ್ಕೆ ಎಣಿಸಿದೆ. ಪರದೆಯ ನೀಲಿಗೆ ಮೊದಲಿಂದಲೂ ಏಳು ಮುಳುಗು. ಎರಡು ವರ್ಷದ ಹಿಂದೆ ಎಂಟಾಗಿದೆ. ಈ ವರ್ಷದ ದಾರಗಳಲ್ಲಿ ಒಂಬತ್ತು, ಕೊನೆಯ ಎರಡರಲ್ಲಿ ಹತ್ತು. ಸೌಟಿನ ಲೆಕ್ಕ ಬದಲಾಗಿಲ್ಲ, ಸುಣ್ಣವೂ ಅಷ್ಟೇ ಇದೆ. ಚೂರುಗಳು ಮಾತ್ರ ಕಪ್ಪಾಗುತ್ತಾ ಬಂದಿವೆ. ಪರದೆ ಅಂಗಡಿಯವನ ಕಣ್ಣು ಸರಿಯಾಗಿದೆ, ಅಜ್ಜಿ. ನಿನಗೆ ನೀಲಿ ಕಡಿಮೆ ಕಾಣುತ್ತಿದೆ, ಅದಕ್ಕೆ ಮತ್ತೆ ಮತ್ತೆ ಅದ್ದುತ್ತಿದ್ದೀಯ.

ಯಾವಾಗಿನಿಂದ? ಯಾರಿಗೆ ಹೇಳಿದ್ದೀಯ?

ಪಿಟೀಲು


ಫೆಬ್ರವರಿ 7

ಪಿಟೀಲು,

ನಿನ್ನ ಕಾಗದ ಓದಿ ಹಂಡೆಯ ಪಕ್ಕದ ಮಣೆಯ ಮೇಲೆ ಕೂತೆ. ಏಳಲು ಮನಸ್ಸಾಗಲಿಲ್ಲ. ನಾನೇ ಹಾಕಿದ ಗಂಟು, ನಾನೇ ಅಂಚೆಗೆ ಹಾಕಿದ್ದು, ನನ್ನ ಮೇಲೇ ಚಾಡಿ ಹೇಳಿದೆ ನೋಡು. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ನಿನಗೆ ನನ್ನಿಂದಲೇ ಬಂದದ್ದು, ಯಾರನ್ನು ಬೈಯಲಿ?

ಎರಡು ವರ್ಷ ಆಯಿತು. ಎಲ್ಲದರ ಮೇಲೂ ಹಳೇ ಎಣ್ಣೆ ಸವರಿದ ಹಾಗೆ ಹಳದಿ. ಕಣ್ಣಿನ ಡಾಕ್ಟರ್ ಹತ್ತಿರ ಒಮ್ಮೆ ಗುಟ್ಟಾಗಿ ಹೋಗಿದ್ದೆ. "ಪೊರೆ ಬಂದಿದೆಯಮ್ಮಾ, ತೆಗೆದ್ರೆ ಸರಿ ಹೋಗುತ್ತೆ, ಯಾವಾಗ ಬರ್ತೀರಾ?" ಎಂದರು. "ನೋಡೋಣ" ಎಂದು ಬಂದೆ. ನಿನ್ನ ಅಮ್ಮನಿಗೆ ಹೇಳಲಿಲ್ಲ. ನರ್ಸಿಗೆ ಕಾಯಿಲೆ ಹೇಳುವುದೂ ಒಂದೇ, ಬೆಕ್ಕಿಗೆ ಹಾಲಿನ ಜಾಗ ತೋರಿಸುವುದೂ ಒಂದೇ. ಮರುದಿನವೇ ಎಳೆದುಕೊಂಡು ಹೋಗುತ್ತಾಳೆ. ಕತ್ತರಿ ಹೆಚ್ಚುಕಡಿಮೆಯಾಗಿ ಇರುವಷ್ಟು ಬೆಳಕೂ ಹೋದರೆ ಬಣ್ಣದವಳು ಏನು ಮಾಡಬೇಕು, ಹೇಳು. ಅಂಚೆಯವಳ ಚೀಲ ಹೊರಲೇ?

ಹಾಗಾಗಿ ನನ್ನ ಕಣ್ಣಿಗೂ ನಾನೇ ಜಾರುಗಂಟು ಹಾಕಿಟ್ಟಿದ್ದೆ. ನಿನ್ನ ಕಾಲೇಜಿನವರು ಕಡೇ ಪಕ್ಷ ಮಾರ್ಚ್ ಎಂದು ಒಂದು ದಿನ ಹೇಳಿದ್ದಾರೆ. ನಾನು ಅದನ್ನೂ ಹೇಳಲಿಲ್ಲ.

ಸರಿ, ಒಂದು ಕರಾರು ಮಾಡಿಕೊಳ್ಳೋಣ. ನೀನು ಅವರಿಗೆ ನಿಜ ಬರೆ, ನಾನು ಪೊರೆ ತೆಗೆಸುತ್ತೇನೆ. ನೀನು ಹೆದರಿದರೆ ನಾನೂ ಹೆದರುತ್ತೇನೆ. ಬರೆಯುವುದಾದರೆ ನನ್ನ ಕಣ್ಣಿನ ಸಂಗತಿಯನ್ನೂ ಬರೆ. ದಾರ ಸುಳ್ಳು ಹೇಳುವುದಿಲ್ಲ, ಹಾಕಿದವಳನ್ನೂ ಬಿಡುವುದಿಲ್ಲ ಎಂದು ಗೊತ್ತಾಗಲಿ. ನನ್ನ ಮಾನದ ಚಿಂತೆ ನಿನಗೆ ಬೇಡ.

ನಿನ್ನ ಅಮ್ಮನಿಗೆ ನೀನೇ ಹೇಳು. ನನಗೆ ಅವಳೆಂದರೆ ಭಯ.

ಅಜ್ಜಿ


ಫೆಬ್ರವರಿ 13

ಅಜ್ಜಿ,

ಕಳಿಸಿಬಿಟ್ಟೆ. ಎರಡೂ ಕಾಲೇಜಿಗೆ. ನಕಲನ್ನು ಇದರ ಜೊತೆ ಇಟ್ಟಿದ್ದೇನೆ, ಈ ಸಲ ಹಿಂದೆ ಏನೂ ಅಚ್ಚಾಗಿಲ್ಲ. ಮೊದಲ ಸಾಲು ಬರೆಯಲು ಎರಡು ದಿನ ಬೇಕಾಯಿತು: "ನನ್ನ ಪ್ರಬಂಧದಲ್ಲಿ ಯಶಸ್ವಿ ಎಂದು ಹೇಳಿಕೊಂಡ ಮೂರು ಹಂಡೆಗಳಲ್ಲಿ ಎರಡು ಸತ್ತಿದ್ದವು, ಅವುಗಳಿಗೆ ಜೀವ ಕೊಟ್ಟವರು ನನ್ನ ಅಜ್ಜಿ, ಇದು ನನಗೆ ತಿಳಿದದ್ದು ಈಗ." ಆಮೇಲಿನದು ಹರಿದುಕೊಂಡು ಬಂತು. ಆರು ಜಾಡಿ, ನಲವತ್ತು ದಾರ, ಏಳು ಹತ್ತಾದ ಕಥೆ.

ಅಂಚೆಪೆಟ್ಟಿಗೆಗೆ ನಾನೇ ಹೋಗಿ ಹಾಕಿದೆ. ವಾಪಸ್ಸು ಬಂದು ಜಾಡಿಗಳಿಗೆ ಕಾಕಂಬಿ ಹಾಕಿದೆ. ಅವು ಯಾರ ಉತ್ತರಕ್ಕೂ ಕಾಯುವುದಿಲ್ಲವಲ್ಲ.

ನಿನ್ನ ಕಣ್ಣಿನ ವಿಷಯ ಅಮ್ಮನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಸುಮ್ಮನೆ ರಜೆಚೀಟಿ ಬರೆದಳು. ಇದೇ ಇಪ್ಪತ್ತೈದಕ್ಕೆ ನಿನ್ನ ಬಾಗಿಲಲ್ಲಿ ಇರುತ್ತಾಳೆ. ಓಡಿಹೋಗಬೇಡ.

ಪಿಟೀಲು


ಮಾರ್ಚ್ 11

ಪಿಟೀಲು,

ಒಂದು ಕಣ್ಣು ಆಯಿತು. ಇನ್ನೊಂದಕ್ಕೆ ಮುಂದಿನ ತಿಂಗಳು. ಓಡಿಹೋಗಲು ಹಿತ್ತಿಲ ಬಾಗಿಲ ತನಕ ಹೋಗಿದ್ದೆ, ನಿನ್ನ ಅಮ್ಮ ಹಿತ್ತಿಲಿನಿಂದಲೇ ಬಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ನನ್ನ ದಾರಿ ಗೊತ್ತು.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ನನ್ನ ಕೈ. ಇಷ್ಟು ನೀಲಿ ಎಂದು ಯಾರೂ ಹೇಳಿರಲೇ ಇಲ್ಲ! ನಿನ್ನ ಅಮ್ಮನಿಗೆ "ಏನೇ, ಇಷ್ಟೊಂದು ನರೆ ಕೂದಲು?" ಎಂದೆ. "ಅದು ನಿನ್ನ ಮೊಮ್ಮಗಳು ಬೆಳೆಸಿದ್ದು, ಉಳಿದದ್ದು ನೀನು" ಎಂದಳು. ಆಮೇಲೆ ಮುಖ ತಿರುಗಿಸಿಕೊಂಡು ಅತ್ತಳು. ಪಿಟೀಲಿನ ತಂತಿ ಯಾರದು ಎಂದು ಆಗ ಗೊತ್ತಾಯಿತು.

ಮನೆಗೆ ಬಂದು ಒಂದು ಕಣ್ಣು ಮುಚ್ಚಿ ಈ ವರ್ಷದ ತಾನುಗಳನ್ನು ನೋಡಿದೆ. ಅಯ್ಯೋ ದೇವರೇ. ನೀಲಿಯಲ್ಲ ಕಣೇ, ಇದ್ದಿಲು. ಪರದೆ ಅಂಗಡಿಯವನ ಹತ್ತಿರ ನಾನೇ ಹೋಗಿ "ನಿನ್ನ ಕಣ್ಣು ಸರಿ ಇತ್ತಪ್ಪಾ, ನನ್ನದೇ ಕೆಟ್ಟಿತ್ತು" ಎಂದೆ. ಐವತ್ತು ವರ್ಷದಲ್ಲಿ ಗಿರಾಕಿಗೆ ಸೋತದ್ದು ಇದೇ ಮೊದಲು. ಅವನು ಗಾಬರಿಯಾಗಿ ಕುರ್ಚಿ ಕೊಟ್ಟ.

ನಿನ್ನ ಜಾರುಗಂಟು ಮೊಳೆಯ ಮೇಲೇ ಇದೆ. ದಿನಾ ನೋಡುತ್ತೇನೆ, ಮುಟ್ಟುವುದಿಲ್ಲ.

ಅಜ್ಜಿ


ಏಪ್ರಿಲ್ 6

ಪಿಟೀಲು,

ಲಕೋಟೆಯಲ್ಲಿ ಕಾಗದವಿಲ್ಲ, ಬರೀ ದಾರ! ಅಂಚೆಯವಳು ಬೆಳಕಿಗೆ ಹಿಡಿದು "ಮೊಮ್ಮಗಳೂ ಹಗ್ಗಾನೇ ಕಳಿಸಿದಾಳಲ್ಲಜ್ಜಿ" ಎಂದಳು. ನಾನು ಒಳಗೆ ಹೋಗಿ, ಕಣ್ಣು ಬಂದಿದ್ದರೂ ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲಿ ಓದಿದೆ.

ಒಂದು, ಎರಡು, ಮೂರು ಗಂಟು. ಡಿಸೆಂಬರಿನಿಂದ ಕಾದ ಮೂರು ತಿಂಗಳು. ಆಮೇಲೆ ತುದಿ. ಕತ್ತರಿಸಿದೆ.

ಬೇಡ ಎಂದರು.

ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ನಿಜ ಹೇಳಿದ್ದಕ್ಕೆ ಬಾಗಿಲು ಹಾಕಿದರೋ, ಬೇರೆ ಯಾವುದಕ್ಕೋ, ಅದು ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ನಾನು ಬರೆ ಎನ್ನದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆಯೇ ಬೆರಳು ಆಡಿಸುತ್ತಿದ್ದಾಗ ಸಿಕ್ಕಿತು. ಕತ್ತರಿಸಿದ ತುದಿಗೆ ಇನ್ನೊಂದು ದಾರ ಕೂಡಿಸಿದ್ದೀಯ. ಒರಟು ನೂಲು, ಗಿರಣಿಯದು. ಅದರ ಕೊನೆಗೆ ಗಂಟು. ಎಳೆದು ನೋಡಿದೆ, ಜಾರಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದೆ, ಜಾರಲಿಲ್ಲ. ಬಿಗಿ.

ಗಿರಣಿಗಳ ಊರಿನವರು ಬಾ ಎಂದಿದ್ದಾರೆ. ನಿನ್ನ ಸತ್ತ ಹಂಡೆಗಳನ್ನು ಓದಿಯೂ ಬಾ ಎಂದಿದ್ದಾರೆ. ಸರಿಯಾಗಿ ಓದಿದೆನೇ? ಓದಿದ್ದೇನೆ ಬಿಡು, ನನಗೆ ಮೇಷ್ಟ್ರು ಬೇಕಿಲ್ಲ.

ಮೊದಲ ಕಾಲೇಜಿಗಾಗಿ ಒಂದು ದಿನ ಅಳು. ಎರಡನೆಯ ದಿನ ಬೇಡ. ನನ್ನ ಬಣ್ಣದ ಗೂಡಿನಲ್ಲಿ ಕೆಟ್ಟ ಬಟ್ಟೆ ಎಂದು ಯಾವುದನ್ನೂ ಎಸೆದವಳಲ್ಲ ನಾನು. ಕಪ್ಪಿನ ಹಂಡೆ ಇರುವ ತನಕ ಯಾವ ಬಟ್ಟೆಯೂ ಕೆಟ್ಟದ್ದಲ್ಲ. ಆ ಪರದೆ ತಾನುಗಳನ್ನೂ ಕಪ್ಪಿಗೆ ಹಾಕಿದೆ. ಶಾಲೆಯವರು ನಾಟಕದ ಪರದೆಗೆ ಅಂತ ಎತ್ತಿಕೊಂಡು ಹೋದರು.

ಬಾಗಿಲ ಮೊಳೆಯಿಂದ ನಿನ್ನ ದಾರ ಇಳಿಸಿದೆ. ಜಾರುಗಂಟನ್ನು ಎಳೆದು ಬಿಗಿದೆ. ನೀನು ಕಳಿಸಿದ್ದನ್ನು ಅದರ ಪಕ್ಕದಲ್ಲೇ ಕಟ್ಟಿದ್ದೇನೆ, ಕತ್ತರಿಸಿದ ತುದಿಯನ್ನು ಒಳಗೆ ಮಡಚದೆ, ಕಾಣುವ ಹಾಗೆ.

ರಜೆಗೆ ಬಾ. ಥರ್ಮಾಮೀಟರು ತಾ. ನನ್ನ ಮೊಣಕೈ ಎಷ್ಟು ಬಿಸಿ ಎಂದು ನನಗೂ ತಿಳಿಯಬೇಕು. ಹಂಡೆ ಸತ್ತರೆ ಈ ಸಲ ಹೇಳುತ್ತೇನೆ, ನೀನು ಹಾಸಿಗೆಯಿಂದ ಏಳುವ ಮೊದಲೇ ಕೂಗಿ ಹೇಳುತ್ತೇನೆ.

ಇದರ ಜೊತೆ ಒಂದು ಚೂರು ಇಟ್ಟಿದ್ದೇನೆ. ಹೊಸ ಕಣ್ಣಿನ ಮೊದಲ ಹಂಡೆ. ಪೂರ್ತಿ ಒಣಗಿದ ಮೇಲೆಯೇ ಕತ್ತರಿಸಿದ್ದು. ಎಷ್ಟು ಮುಳುಗು ಎಂದು ನಾನು ಹೇಳುವುದಿಲ್ಲ. ದಾರ ಹೊಲಿದಿದೆ, ಎಣಿಸಿಕೊ.

ಅಜ್ಜಿ